ಊದಿದ ಕೆನ್ನೆಯ ಭಾಷೆ

ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ, ಪರದೆಯ ಆಚೆ, ಗಾಜು ಉಜ್ಜುವ ಯಂತ್ರದ ಮುಂದೆ ಕೂರುವ ಮನುಷ್ಯನನ್ನು ಅಂಗಡಿಯ ಯಜಮಾನರು ಪಂಡಿತರು ಎಂದು ಕರೆಯುತ್ತಿದ್ದರು. ಅದು ಬಿರುದಲ್ಲ, ಚೇಷ್ಟೆ. ಪಂಡಿತರು ಓದಿದ್ದು ಅಷ್ಟಕ್ಕಷ್ಟೆ. ಆದರೆ ಅವರು ಒಂದು ಭಾಷೆಯನ್ನೇ ಹುಟ್ಟಿಸಿದ್ದರು. ಭೂಪಟದಲ್ಲಿ ಎಲ್ಲೂ ಇಲ್ಲದ ಒಂದು ಕಡಲತೀರ, ಅಲ್ಲಿ ಎಂದೂ ನಿಲ್ಲದ ಗಾಳಿ, ಆ ಗಾಳಿಯಲ್ಲೇ ಹುಟ್ಟಿ ಬೆಳೆದ ಜನ, ಆ ಜನರ ಮಾತು. ದೋಣಿಯಲ್ಲಿ ನಿಂತು ಕೂಗಿದರೆ ದಡಕ್ಕೆ ಕೇಳಬೇಕಾದ ಮಾತಾದ್ದರಿಂದ ಅದರ ತುಂಬ ಸಿಳ್ಳೆ ಹಾಕಿದಂಥ ಸಕಾರಗಳಿದ್ದವು, ಪದಗಳು ಚುರುಕಾಗಿ ಮುಗಿಯುತ್ತಿದ್ದವು. ಬಾಗಿಲಿಗೂ ಬೆನ್ನಿಗೂ ಅಲ್ಲಿ ಒಂದೇ ಪದ. ಗಾಳಿಗೆ ಒಡ್ಡುವುದು ಅವೆರಡನ್ನೇ ತಾನೆ ಎಂದು ಪಂಡಿತರ ವಾದ.

ಪರದೆಯ ಈಚೆ ಗಿರಾಕಿಗಳು ಗೋಡೆಯ ಹಲಗೆ ನೋಡಿ ಅಕ್ಷರ ಒಪ್ಪಿಸುತ್ತಿದ್ದರೆ, ಆಚೆ ಪಂಡಿತರು ಲೆನ್ಸು ಉಜ್ಜುತ್ತ ತಮ್ಮ ಭಾಷೆಯಲ್ಲಿ ತಾವೇ ಗೊಣಗುತ್ತಿದ್ದರು. ತಾವೇ ಕೇಳಿ, ತಾವೇ ಉತ್ತರ ಕೊಟ್ಟುಕೊಳ್ಳುತ್ತಿದ್ದರು. ಮೀಸೆ ಚಿಗುರಿದಾಗ ಶುರುವಾದ ಈ ಹುಚ್ಚು ಮೀಸೆ ನರೆತರೂ ಬಿಟ್ಟಿರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ: ಈ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಬೇಕು, ತಾನೊಂದು ಕೇಳಿದರೆ ಎದುರಿನವರು ಉತ್ತರ ಕೊಡಬೇಕು. ಇಷ್ಟು ಸಣ್ಣ ಆಸೆ ಈಡೇರುವುದಕ್ಕೆ ಇಷ್ಟು ವರ್ಷ ಬೇಕೇ ಎಂದು ಅವರ ಹೊಟ್ಟೆ ಉರಿಯುತ್ತಿತ್ತು.

ಈಡೇರದಿದ್ದುದರಲ್ಲಿ ಅವರ ಪಾಲೂ ಇತ್ತೆನ್ನಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಪಾಪ ಆಸೆಪಟ್ಟು ಕಲಿಯಲು ಕೂತಿದ್ದಳು. ಆಕೆ ಬಾಯಿ ತೆರೆದರೆ ಸಾಕು, ನಾಲಿಗೆ ಅಲ್ಲಲ್ಲ ಇಲ್ಲಿ, ಉಸಿರು ಹಾಗಲ್ಲ ಹೀಗೆ ಎಂದು ಪಂಡಿತರು ಶುರು ಹಚ್ಚಿಕೊಳ್ಳುತ್ತಿದ್ದರು. ನೀರು ಕೊಡಿ ಎನ್ನಲು ಹೋದವಳಿಗೆ ಗಂಟಲು ಒಣಗಿದರೂ ನೀರು ಸಿಗಲಿಲ್ಲ. ನಿಮ್ಮ ಭಾಷೆ ನಿಮಗೇ ಇರಲಿ ಎಂದು ಎದ್ದುಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಒಬ್ಬ ನಿರ್ದೇಶಕ ಕನ್ನಡಕ ಮಾಡಿಸಿಕೊಳ್ಳಲು ಅಂಗಡಿಗೆ ಬಂದ. ಅವನು ತೆಗೆಯುತ್ತಿದ್ದದ್ದು ಯಾವುದೋ ಕಾಣದ ಲೋಕದ ರಾಜರಾಣಿಯರ ಧಾರಾವಾಹಿ. ಪರದೆಯ ಆಚೆಯ ಗೊಣಗಾಟ ಅವನ ಕಿವಿಗೆ ಬಿತ್ತು. ಯಜಮಾನರು ನಗುತ್ತ ವಿಷಯ ಹೇಳಿದರು. ನಿರ್ದೇಶಕ ನಗಲಿಲ್ಲ. ಪರದೆ ಸರಿಸಿ ಒಳಗೆ ಬಂದು, ನನ್ನ ರಾಜ್ಯದವರಿಗೆ ಈ ಮಾತು ಕೊಡುತ್ತೀರಾ ಎಂದು ಕೇಳಿಯೇಬಿಟ್ಟ. ಪಂಡಿತರಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆಮೇಲೆ ಆದದ್ದನ್ನು ನೆನೆದರೆ ಯಾರಾದರೂ ತಲೆ ಚಚ್ಚಿಕೊಳ್ಳಬೇಕು. ಪಂಡಿತರು ಸಂಭಾಷಣೆಗಳನ್ನೆಲ್ಲ ತಮ್ಮ ಭಾಷೆಗೆ ತಂದರು. ಇನ್ನು ಅದನ್ನು ಓದಿ ಧ್ವನಿಮುದ್ರಿಸಿ ಕೊಟ್ಟರೆ ನಟರು ಕೇಳಿಕೊಂಡು ಕಲಿಯುತ್ತಾರೆ ಎನ್ನುವ ಹೊತ್ತಿಗೆ ಅವರ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಊದಿ ಬನ್ನಿನಂತಾಯಿತು. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಧ್ವನಿ ನಾಲ್ಕು ದಿನ ತಡವಾದರೆ ಆಕಾಶ ಬೀಳುವುದಿಲ್ಲ ಎಂದು ಹೆಂಡತಿ ಹೇಳಿದಳು. ಆದರೆ ಇವರಿಗೆ ಆತುರ. ಕೈಗೆ ಬಂದದ್ದು ಜಾರಿಹೋದರೆ? ಕೆನ್ನೆಯೊಳಗೆ ಹತ್ತಿ ತುರುಕಿಕೊಂಡು, ನೋವು ನುಂಗಿಕೊಂಡು, ಎಲ್ಲವನ್ನೂ ಓದಿ ಕಳಿಸಿಬಿಟ್ಟರು. ಸಿಳ್ಳೆಯಂಥ ಸಕಾರಗಳೆಲ್ಲ ಒದ್ದೆಬಟ್ಟೆ ಹಿಂಡಿದಂತೆ ಹೊರಬಂದವು. ಸೆಲೂರ್ ಇಸ ಎಂಬ ಅವರ ಮುದ್ದಿನ ನಮಸ್ಕಾರ ಶೆಲೂಳ್ ಇಶ ಆಯಿತು. ಹಲ್ಲು ಕೀಳಿಸಿದ ಮೇಲೆ ಇನ್ನೊಮ್ಮೆ ನೆಟ್ಟಗೆ ಓದಿ ಕಳಿಸಿದರಾಯಿತು ಎಂದುಕೊಂಡಿದ್ದರು.

ಕಳಿಸಿದರು ಕೂಡ. ಅದನ್ನು ನಟರಲ್ಲಿ ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಅವರೆಲ್ಲ ಮೊದಲಿನದನ್ನೇ ಕಿವಿಗೆ ಸಿಕ್ಕಿಸಿಕೊಂಡು ಬಾಯಿಪಾಠ ಮಾಡಿದ್ದರು.

ಪಂಡಿತರು ರಜೆ ಹಾಕಿ ಚಿತ್ರೀಕರಣ ನೋಡಲು ಹೋದ ದಿನ ಇದೆಲ್ಲ ಬಯಲಾಯಿತು. ಹಳೆಯ ಗೋದಾಮೊಂದನ್ನು ಅರಮನೆ ಮಾಡಿದ್ದರು. ಬಣ್ಣ ಬಳಿದ ಹಲಗೆಯ ಕಂಬಗಳು, ನೆಲದ ತುಂಬ ಹಾವಿನ ಹಾಗೆ ಬಿದ್ದಿದ್ದ ವೈರುಗಳು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪಂಡಿತರು ಉಸಿರು ಬಿಗಿಹಿಡಿದರು. ರಾಜ ಎದ್ದುನಿಂತು ಗಂಭೀರವಾಗಿ ಒಂದು ಪಕ್ಕಕ್ಕೆ ಬಾಯಿ ಸೊಟ್ಟ ಮಾಡಿ ಮಾತಾಡಿದ. ರಾಣಿಯೂ ಸೊಟ್ಟ ಮಾಡಿದಳು. ಸೇನಾಪತಿ, ಮಂತ್ರಿ, ಕಾವಲುಗಾರರು ಎಲ್ಲರಿಗೂ ಒಂದೇ ದಿನ ದವಡೆ ಹಲ್ಲು ನೋಯುತ್ತಿರುವಂತೆ ಇತ್ತು. ಒಬ್ಬ ಮಹಾಶಯನಂತೂ ನಡುನಡುವೆ ಪಂಡಿತರು ನೋವಿಗೆ ಎಳೆದ ಉಸಿರನ್ನೂ ಬಿಡದೆ ಕಲಿತಿದ್ದ.

ಪಂಡಿತರ ಪಿತ್ತ ನೆತ್ತಿಗೇರಿತು. ನಿರ್ದೇಶಕನನ್ನು ಪಕ್ಕಕ್ಕೆ ಕರೆದು ಹಲ್ಲಿನ ಕಥೆಯನ್ನೆಲ್ಲ ಹೇಳಿದರು. ಅವನು ಮನಸಾರೆ ನಕ್ಕ. ಅರ್ಧ ಭಾಗ ಮುಗಿದಿದೆ, ಈಗ ಬದಲಾಯಿಸಲು ಆಗುವುದಿಲ್ಲ ಎಂದ. ಅದಕ್ಕಿಂತ ಮುಂದಿನ ಮಾತು ಹೆಚ್ಚು ಚುಚ್ಚಿತು.

“ಸತ್ಯ ಹೇಳ್ಬೇಕಂದ್ರೆ ಸರ್, ಇದೇ ಚೆನ್ನಾಗಿದೆ. ನೀವು ಆಮೇಲೆ ಕಳಿಸಿದ್ದು ತುಂಬ ಸಪ್ಪೆ.”

ಸಪ್ಪೆ! ಒಂದು ಆಯುಷ್ಯವೆಲ್ಲ ಕೂತು ತಿದ್ದಿ ತೀಡಿದ್ದು ಸಪ್ಪೆ, ಹತ್ತಿ ತುರುಕಿಕೊಂಡು ತೊದಲಿದ್ದು ರುಚಿ. ಪಂಡಿತರು ಕೈ ಕೈ ಹಿಸುಕಿಕೊಳ್ಳುತ್ತ ಬಾಗಿಲ ಕಡೆ ಹೊರಟರು. ಆಗ ರಾಣಿಯ ದಾಸಿಯ ಪಾತ್ರ ಮಾಡುತ್ತಿದ್ದ ಹುಡುಗಿ ಎದುರು ಬಂದಳು. ಅವಳಿಗಿದ್ದದ್ದು ಒಂದೆರಡು ಸಾಲು ಮಾತ್ರ. ಆದರೂ ಎಲ್ಲರ ಮಾತನ್ನೂ ಕಲಿತು, ಪದಗಳನ್ನು ಬಿಡಿಸಿ ನೋಡಿ ಇಟ್ಟುಕೊಂಡಿದ್ದಳು. ಅವಳು ಪಂಡಿತರ ಮುಂದೆ ನಿಂತು, ಸಂಕೋಚದಿಂದ, ಅವರದೇ ಭಾಷೆಯಲ್ಲಿ ಏನೋ ಕೇಳಿದಳು. ಸಂಭಾಷಣೆಯಲ್ಲಿ ಎಲ್ಲೂ ಇಲ್ಲದ ಒಂದು ವಾಕ್ಯ.

ಪಂಡಿತರಿಗೆ ಕೇಳಿಸಿದ್ದು ಆ ಒದ್ದೆ ಶಕಾರ ಮಾತ್ರ. ಉರಿಯುವ ಬೆಂಕಿಗೆ ಅಷ್ಟು ಸಾಕಾಯಿತು. ನಾಲಿಗೆ ಎಲ್ಲಿಡಬೇಕು, ಉಸಿರು ಎಲ್ಲಿ ಬಿಡಬೇಕು, ಅವಳ ಒಂದೊಂದು ಪದವನ್ನೂ ಹಿಡಿದು ತಿದ್ದಿದರು, ಬೇರೆಯವರ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ತಿದ್ದಿದರು. ಹುಡುಗಿ ಕೆಂಪಾಗಿ, ಸಾರಿ ಸರ್ ಎಂದು ಸರಿದುಹೋದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿಯ ಮುಂದೆ ಎಲ್ಲವನ್ನೂ ಕಾರಿಕೊಂಡರು. ನಿರ್ದೇಶಕನ ದುರಹಂಕಾರ, ರಾಜನ ಸೊಟ್ಟಬಾಯಿ, ಕೊನೆಗೆ ಆ ಹುಡುಗಿಯೂ ಭಾಷೆಯನ್ನು ಕೊಂದದ್ದು. ಹೆಂಡತಿ ಒಣಗಿದ ಬಟ್ಟೆ ಮಡಚುತ್ತ ಕೇಳುತ್ತಿದ್ದವಳು ಕೈ ನಿಲ್ಲಿಸಿದಳು.

“ಅವಳು ಏನು ಕೇಳಿದ್ಲುರೀ?”

ಪಂಡಿತರು ಹೇಳಲು ಬಾಯಿ ತೆರೆದರು. ಅವಳ ತಪ್ಪುಗಳೆಲ್ಲ ಒಂದೂ ಬಿಡದೆ ನೆನಪಿದ್ದವು. ಆದರೆ ಪ್ರಶ್ನೆ ಏನೆಂದು ನೆನಪಿರಲಿಲ್ಲ. ನೆನಪಿರುವುದೇನು ಬಂತು, ಅವರು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಆ ಭಾಷೆಯಲ್ಲಿ ಅವರನ್ನು ಮಾತಾಡಿಸಿದ್ದರು. ಹೆಂಡತಿ ಮತ್ತೆ ಬಟ್ಟೆ ಮಡಚತೊಡಗಿದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮರುದಿನ ಯಜಮಾನರ ಗೊಣಗಾಟಕ್ಕೆ ಕಿವಿಗೊಡದೆ ಮತ್ತೆ ಗೋದಾಮಿಗೆ ಹೋದರು. ಹುಡುಗಿ ಹಲಗೆಯ ಕಂಬದ ಹಿಂದೆ ಚಹಾ ಹಿಡಿದು ಕೂತಿದ್ದಳು. ಇವರನ್ನು ಕಂಡದ್ದೇ ಎದ್ದುನಿಂತಳು. ಪಂಡಿತರು ತಮ್ಮ ಭಾಷೆಯಲ್ಲಿ, ಶುದ್ಧ ಸಕಾರದಲ್ಲಿ, ನಿನ್ನೆ ಏನು ಕೇಳಿದೆಯಮ್ಮ ಎಂದು ವಿಚಾರಿಸಿದರು.

“ಬೇಡ ಸರ್,” ಎಂದಳು ಅವಳು. “ನನ್ನ ಸಾಲು ಎರಡೇ ಇರೋದು. ಅಷ್ಟು ಹೇಳಿದ್ರೆ ಸಾಕು.”

ಹೆಂಡತಿಯೂ ಹೀಗೇ ಎದ್ದುಹೋಗಿದ್ದಳು. ಪಂಡಿತರಿಗೆ ಹುಡುಗಿಯ ಮೇಲೂ ಸಿಟ್ಟು ಬಂತು, ತಮ್ಮ ಮೇಲೂ ಬಂತು, ಕಿತ್ತುಹಾಕಿದ ಹಲ್ಲಿನ ಮೇಲೂ ಬಂತು. ಆಮೇಲೆ ನಾಲಿಗೆಯನ್ನು ಕೆನ್ನೆಗೆ ಒತ್ತಿ, ಬಾಯಿ ಸೊಟ್ಟ ಮಾಡಿ, ಒದ್ದೆ ಶಕಾರದಲ್ಲಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ತಾವು ಹಡೆದ ಭಾಷೆಯನ್ನು ತಾವೇ ಬೇಕೆಂದು ಕೆಡಿಸುವುದು ಎಷ್ಟು ಕಷ್ಟ ಎಂದು ಅವರಿಗೇ ಗೊತ್ತು.

ಹುಡುಗಿ ತುಟಿ ಕಚ್ಚಿದಳು. ನಗು ತಡೆಯಲು ಆಗಲಿಲ್ಲ.

“ಹಾಗಲ್ಲ ಸರ್. ಕೊನೇಲಿ ಉಸಿರು ಒಳಗೆ ಎಳ್ಕೋಬೇಕು.”

ಅವರ ಮೈ ಉರಿದುಹೋಯಿತು. ಉಗುಳು ನುಂಗಿ, ಉಸಿರು ಒಳಗೆಳೆದು, ಮತ್ತೆ ಹೇಳಿದರು. ಅದೂ ಸರಿಯಾಗಲಿಲ್ಲ. ಅವಳು ತಾನೇ ಹೇಳಿ ತೋರಿಸಿದಳು. ಪಂಡಿತರು ಶಾಲೆಯ ಮಗುವಿನಂತೆ ಇನ್ನೊಮ್ಮೆ ಹೇಳಿದರು. ಆಗ ಅವಳು ಸಮಾಧಾನವಾಗಿ ಪಕ್ಕದ ಕುರ್ಚಿ ಎಳೆದುಕೊಟ್ಟು, ನಿನ್ನೆ ಕೇಳಿದ್ದನ್ನೇ ಮತ್ತೆ ಕೇಳಿದಳು. ನಿಮ್ಮ ಜೊತೆ ಈ ಮಾತು ಇನ್ಯಾರು ಆಡುತ್ತಾರೆ, ಅಷ್ಟೆ.

ಯಾರೂ ಇಲ್ಲ ಎಂದರು ಪಂಡಿತರು, ಊದಿದ ಕೆನ್ನೆಯ ಉಚ್ಚಾರದಲ್ಲೇ. ಈ ಸಲ ಅವಳು ತಿದ್ದಲಿಲ್ಲ.