ಅಗ್ಗಣಿ ಕಾಯಿಸಬಹುದೆ?

ನೆನೆಹಾಕಿದ ಅವರೆಕಾಳು ಹಿಚುಕುತ್ತಾ ಹಿತ್ತಿಲ ಬಾಗಿಲಲ್ಲಿ ಕೂತಿದ್ದಾಗ ಕಡೂರಿನಿಂದ ನಮ್ಮ ಮನೆಯವರ ಫೋನು ಬಂತು. ಅವರ ಕಣ್ಣು ಅರಿಶಿನಕ್ಕೆ ತಿರುಗಿತ್ತು, ಅನ್ನ ಕಂಡರೆ ಓಕರಿಕೆ ಬರುತ್ತಿತ್ತು. ನಾಟಿ ಔಷಧಿಗೂ ಬಗ್ಗದಿದ್ದಾಗ ಬೀರೂರಿನಿಂದ ಬಸ್ಸು ಹತ್ತಿ ಡಾಕ್ಟರ ಬಳಿ ಹೋಗಿದ್ದರು. ಸಿಪ್ಪೆ ಅಂಟಿದ ಕೈಯಲ್ಲೇ ಒತ್ತಿ ಫೋನನ್ನು ಸ್ಪೀಕರಿಗೆ ಹಾಕಿದೆ.

"ಹೆಪಟೈಟಿಸ್ ಈ ಅಂತೆ ಕಣೇ."

"ಈ ಅಂದ್ರೆ ಯಾವುದು?"

"ಈ ಕಣೇ, ಈ."

"ಫೋನಲ್ಲಿ ಬೆರಳು ತೋರಿಸಿದ್ರೆ ನಂಗೆ ಹೆಂಗ್ರೀ ಕಾಣುತ್ತೆ?"

ಅದು ಇಂಗ್ಲಿಷ್ ಅಕ್ಷರ ಕಣಮ್ಮ, ಎಂದು ಒಳಗಿನಿಂದ ಮಗಳು ನಕ್ಕಳು. ಚೊಚ್ಚಲ ಬಸುರಿ, ಹೆರಿಗೆಗೆಂದು ಅಜ್ಜಂಪುರದ ಗಂಡನ ಮನೆಯಿಂದ ಕರೆತಂದಿದ್ದೆವು.

ನಮ್ಮ ಮನೆಯವರಿಗೆ ರೋಗಕ್ಕಿಂತ ಡಾಕ್ಟರು ಕೇಳಿದ ಪ್ರಶ್ನೆಯೇ ಹೆಚ್ಚು ನೋಯಿಸಿತ್ತು. ಹಣೆ ತುಂಬ ವಿಭೂತಿ ಧರಿಸಿ ಕೂತವರನ್ನು ಹಂದಿಮಾಂಸ ತಿಂದಿದ್ದೀರಾ ಎಂದು ಕೇಳಿದರಂತೆ. ನಮ್ಮ ಹೊಸಿಲು ಮೊಟ್ಟೆಯನ್ನೂ ಕಂಡದ್ದಿಲ್ಲ. ಆಮೇಲೆ ಇವರು ಫೋನಿನಲ್ಲೇ ದನಿ ಇಳಿಸಿದರು. ಮನೆಯಲ್ಲಿ ಬಸುರಿ ಇದ್ದರೆ ಬೆಳಿಗ್ಗೆಯೇ ಕರೆತರಬೇಕಂತೆ. ಇದು ಬಸುರಿಗೆ ಅಂಟಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದಂತೆ. ಕೈಲಿದ್ದ ಕಾಳು ಎಲ್ಲಿ ಬಿತ್ತೋ ನೋಡಲಿಲ್ಲ.

ಗೋಡೆಯಾಚೆಯಿಂದ ಪಕ್ಕದ ಮನೆಯ ಮುಸ್ಲಿಂ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಹಿರಿಮಗನಿಗೂ ಆಗಷ್ಟೇ ಕಾಮಾಲೆ ಬಂದು ಹೋಗಿತ್ತು. "ನೀವೂ ಮುಟ್ಟಲ್ಲ, ನಾವೂ ಮುಟ್ಟಲ್ಲ. ತಿನ್ನೋರನ್ನ ಬಿಟ್ಟು ನಮ್ಮಿಬ್ಬರ ಮನೇನೇ ಹುಡುಕ್ಕೊಂಡು ಬಂತಲ್ಲಕ್ಕಾ" ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಳಿದ ಕಾಳು ಹಿಚುಕಿ ಕೊಡುತ್ತೇನೆಂದು ಬುಟ್ಟಿ ಎತ್ತಿಕೊಂಡು ಹೋದಳು. ಆ ಹೊತ್ತಿಗೆ ಅದೇ ದೊಡ್ಡದು.

ಮಾರನೆಯ ದಿನ ಡಾಕ್ಟರು ಮಗಳ ರಕ್ತ ತೆಗೆಸಿ, ನಮಗೆ ತಾಳ್ಮೆಯಿಂದ ಹೇಳಿದರು. ನಮ್ಮ ಕಡೆ ಇದು ಹೆಚ್ಚಾಗಿ ಮನುಷ್ಯರ ಹೊಲಸು ಸೇರಿದ ನೀರಿನಿಂದಲೇ ಬರುವುದಂತೆ. ಹಂದಿಗಳಲ್ಲೂ ಇದರದೇ ಬೇರೆ ಜಾತಿಗಳಿವೆ, ಅವೂ ಕೆಲವು ಸಲ ಮನುಷ್ಯರಿಗೆ ದಾಟುತ್ತವಂತೆ. ನಮ್ಮ ಮನೆಯವರದು ಯಾವ ಜಾತಿಯದೆಂದು ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವಂತೆ. ರೋಗಕ್ಕೂ ಜಾತಿಯೇ ಎಂದುಕೊಂಡೆ.

ನಮ್ಮ ನಲ್ಲಿಯ ಪೈಪು ಮನೆ ಮುಂದಿನ ಚರಂಡಿಯೊಳಗೇ ಹಾದು ಬರುತ್ತದೆ. ಮಧ್ಯಾಹ್ನ ಹಂದಿಗಳು ಮರಿಗಳ ಸಮೇತ ಅದರ ಮೇಲೇ ಹೊರಳುತ್ತವೆ. ಬೀದಿಯ ಕೆಲವು ಮನೆಗಳ ಕಕ್ಕಸಿನ ನೀರೂ ಅಲ್ಲಿಗೇ ಬರುತ್ತದೆ. ಹಂದಿಯನ್ನು ಬೈಯಬೇಕೋ, ನಮ್ಮನ್ನೇ ಬೈದುಕೊಳ್ಳಬೇಕೋ?

ನೀರು ಕಾಯಿಸಿ ಕುಡಿಯುತ್ತೀರಾ ಎಂದು ಡಾಕ್ಟರು ಕೇಳಿದಾಗ, ಮಗಳು ಬಂದಾಗಿನಿಂದ ಕಾಯಿಸದ ಒಂದು ತೊಟ್ಟೂ ಅವಳ ಬಾಯಿಗೆ ಹೋಗಿಲ್ಲ ಎಂದೆ.

ಮಗಳು ನನ್ನ ಮುಖ ನೋಡಿದಳು. "ಅಮ್ಮಾ, ತೀರ್ಥ?"

ಬೆಳಗಿನ ಜಾವ ನಲ್ಲಿ ಬಂದ ಕೂಡಲೇ, ಯಾರೂ ಮುಟ್ಟುವ ಮುಂಚೆ, ಲಿಂಗಪೂಜೆಗೆಂದು ಹಿಡಿದಿಡುವ ನೀರೇ ಅಗ್ಗಣಿ. ಪೂಜೆಯಾದ ಮೇಲೆ ಅದೇ ತೀರ್ಥ. ಅವರೂ ತಗೊಂಡಿದ್ದರು, ಅವಳೂ ತಗೊಂಡಿದ್ದಳು, ನಾನೂ. ಅದು ಕುಡಿಯುವ ನೀರೆಂದು ನನಗೆ ಹೊಳೆದೇ ಇರಲಿಲ್ಲ.

ಇನ್ನು ಮೇಲೆ ಅದನ್ನೂ ಕಾಯಿಸಬಹುದೆ? ನಮ್ಮ ಮನೆಯವರನ್ನು ಕೇಳಿದರೆ, ಒಲೆ ಹತ್ತಿದ ನೀರು ಅಗ್ಗಣಿ ಹೇಗಾದೀತು ಎಂದರು. ನೋಡಲು ಬಂದ ಮಠದ ಅಯ್ಯನವರನ್ನು ಕೇಳಿದೆ. ಅವರು ಗಡ್ಡ ನೀವಿಕೊಂಡು, ದೊಡ್ಡವರನ್ನ ಕೇಳಿ ಹೇಳ್ತೀನಿ ತಾಯಿ, ಎಂದು ಹೊರಟವರು ಮತ್ತೆ ಆ ಮಾತೆತ್ತಲಿಲ್ಲ. ಉತ್ತರ ಸಿಗುವವರೆಗೆಂದು ತೀರ್ಥವನ್ನು ಮಗಳು ಕಣ್ಣಿಗೊತ್ತಿಕೊಂಡು ತುಳಸಿಗೆ ಹಾಕುತ್ತಿದ್ದಳು.

ರಿಪೋರ್ಟು ಬಂತು. ಮಗಳ ರಕ್ತದಲ್ಲಿ ಏನೂ ಇಲ್ಲ. ಕೈಮುಗಿಯುವಷ್ಟರಲ್ಲಿ ಡಾಕ್ಟರು, ಒಳಹೊಕ್ಕಿದ್ದರೆ ಕಾಣಿಸಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ, ಇನ್ನೊಮ್ಮೆ ನೋಡೋಣ ಎಂದರು. ಹಾಗಾದರೆ ಇಲ್ಲವೆಂದು ಅರ್ಥವೋ, ಇನ್ನೂ ಇಲ್ಲವೆಂದು ಅರ್ಥವೋ? ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಗುನುಗಿಕೊಂಡೆ. ಇವತ್ತಿಗೆ ಇಲ್ಲ, ಶಿವ ಕೊಟ್ಟದ್ದು ಅಷ್ಟು. ಅಂದು ಇವರೂ ಅರ್ಧ ಬಟ್ಟಲು ಗಂಜಿ ಕುಡಿದು ದಕ್ಕಿಸಿಕೊಂಡರು. ಅದೂ ಅವನದೇ.

ಮರುದಿನ ನಲ್ಲಿ ಬಂದಾಗ ಅಗ್ಗಣಿಯ ತಂಬಿಗೆಯನ್ನು ಯಾರನ್ನೂ ಕೇಳದೆ ಒಲೆಯ ಮೇಲಿಟ್ಟೆ. ಕಳಕಳ ಕುದಿಯುವ ಸದ್ದು ಇವರಿಗೂ ಕೇಳಿಸಿತು. ಬೈಯುತ್ತಾರೆಂದುಕೊಂಡೆ.

"ಚೆನ್ನಾಗಿ ಆರಲಿ ಕಣೇ. ಸುಡುಸುಡು ಎರೆದ್ರೆ ಶಿವನಿಗೂ ಬೊಬ್ಬೆ ಬಂದೀತು."

ಅದು ಒಪ್ಪಿಗೆಯೋ ಕುಹಕವೋ ಈಗಲೂ ತಿಳಿಯದು. ತಂಬಿಗೆಗೆ ತಟ್ಟೆ ಮುಚ್ಚಿ ಆರಲು ಇಟ್ಟೆ. ಪಕ್ಕದ ಮನೆಯವಳು ಹಿಚುಕಿ ಕೊಟ್ಟ ಅವರೆ ಫ್ರಿಜ್ಜಿನಲ್ಲಿತ್ತು. ಅದನ್ನು ಹೊರಗೆ ತೆಗೆದಿಟ್ಟು, ಹುಳಿಗೆ ಕಾಯಿ ತುರಿಯಲು ಕೂತೆ.