ಲೋಕಯ್ಯ ಓಡಿಸಿದ ಸೈಲೆನ್ಸರಿಲ್ಲದ ಕಾರು

ಬೋಳಾರದ ಓಣಿಗಳಲ್ಲಿ ಲೋಕಯ್ಯನ ಹೆಸರಿನ ಮುಂದೆ ‘ಸೈಲೆನ್ಸರ್’ ಎಂಬುದು ಅಂಟಿಕೊಂಡದ್ದು ಎಪ್ಪತ್ತೇಳರ ಮಳೆಗಾಲದಲ್ಲಿ. ಅದಕ್ಕೂ ಮೊದಲು ಅವನು ಬರೀ ಲೋಕಯ್ಯ, ಹೋಟೆಲಿನ ಅಣ್ಣು ಶೆಟ್ಟರ ಡ್ರೈವರ್. ಶೆಟ್ಟರ ಹಳೆಯ ಕಪ್ಪು ಅಂಬಾಸಿಡರನ್ನು ಮಗುವನ್ನು ಮೀಯಿಸುವ ಹಾಗೆ ತೊಳೆಯುತ್ತಿದ್ದ. ಅವರದೇ ಹಿತ್ತಲಿನ ಬಿಡಾರದಲ್ಲಿ ಅವನೂ ಹೆಂಡತಿ ಹೇಮಾಕ್ಷಿಯೂ ಇದ್ದರು. ಮಕ್ಕಳಿರಲಿಲ್ಲ. ಹೇಮಾಕ್ಷಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು.

ಆ ವರ್ಷ ಬಹರೈನಿನಲ್ಲಿದ್ದ ಹೇಮಾಕ್ಷಿಯ ಅಣ್ಣ, ಭಾವನಿಗೆ ಅಲ್ಲೊಂದು ಡ್ರೈವರ್ ಕೆಲಸ ನೋಡಿದ್ದ. ಮಂಗಳೂರಿನ ಏಜೆಂಟ್ ಮಾತ್ರ ಧಣಿಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳದೆ ಯಾರನ್ನೂ ಕಳಿಸುವವನಲ್ಲ. ಲೋಕಯ್ಯ ತಲೆ ಕೆರೆದುಕೊಳ್ಳುತ್ತಾ ಶೆಟ್ಟರಲ್ಲಿ ಕೇಳಿದ. ನೋಡುವ ಎಂದರು ಶೆಟ್ಟರು.

ಸ್ವಲ್ಪ ದಿನದಲ್ಲೇ ಶೆಟ್ಟರು ಕ್ಯಾಂಟೀನಿನ ಗುತ್ತಿಗೆಗೆಂದು ಪಣಂಬೂರಿನ ಒಂದು ಕಾರ್ಖಾನೆಗೆ ಹೋದರು. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಅಲ್ಲಿನ ಸಾಹೇಬರಿಗೆಂದು ತಂದ ಹಣ್ಣಿನ ಬುಟ್ಟಿ ಹೊತ್ತು ಒಳಗೆ ಬರಲು ಲೋಕಯ್ಯನಿಗೆ ಹೇಳಿದರು. ಮಾತುಕತೆ ಮುಗಿಯುವವರೆಗೂ ಅವನು ಒಳಗೇ ಗೋಡೆಗೆ ಒರಗಿ ನಿಂತಿದ್ದ. ಹೊರಗೆ ಬಂದು ಕಾರು ಸ್ಟಾರ್ಟ್ ಮಾಡಿದರೆ ಸಿಡಿಲು ಬಿದ್ದಂಥ ಶಬ್ದ. ಬಗ್ಗಿ ನೋಡಿದ. ಅಡಿಯ ಸೈಲೆನ್ಸರನ್ನು ಯಾರೋ ಕೊಯ್ದು ಒಯ್ದಿದ್ದರು.

ಶೆಟ್ಟರು ಹೋಟೆಲಿನ ಮುಂದೆ ಇಳಿದು, ಗಿರಾಕಿಗಳೆಲ್ಲ ಕೇಳುವ ಹಾಗೆ, “ಯಾರಿಗೆ ಮಾರಿದೆ ಲೋಕಯ್ಯಾ?” ಎಂದರು. ಜನ ನಕ್ಕರು. ತಮಾಷೆ ಇರಬೇಕೆಂದು ಲೋಕಯ್ಯನೂ ಅರ್ಧ ನಕ್ಕ. ಆ ಅರ್ಧ ನಗುವೇ ಅವನಿಗೆ ಮುಳುವಾಯಿತು.

“ನೋಡಿ, ನಗ್ತಾನೆ,” ಎಂದರು ಶೆಟ್ಟರು. “ತೆಗೆದವನೇ ಹಾಕ್ಲಿ. ಅಲ್ಲಿವರೆಗೆ ಗಾಡಿ ಹೀಗೇ ಓಡ್ಲಿ. ಊರಿಗೆ ಗೊತ್ತಾಗ್ಲಿ.”

ಏಜೆಂಟ್ ಕೇಳಿದಾಗ ಶೆಟ್ಟರು, ಹುಡುಗ ಒಳ್ಳೆಯವನೇ, ಕೈ ಮಾತ್ರ ಸ್ವಲ್ಪ ಉದ್ದ ಎಂದರಂತೆ. ಬಹರೈನಿನ ಕೆಲಸ ಬೇರೆ ಯಾರಿಗೋ ಹೋಯಿತು.

ಊಟಕ್ಕೆ ಕೂತಾಗ ಹೇಮಾಕ್ಷಿ, ಹೇಗಾದರೂ ಮಾಡಿ ನಾವೇ ಒಂದು ಹಳೆಯ ಸೈಲೆನ್ಸರ್ ಹಾಕಿಸಿಬಿಡುವ, ಇದೊಂದು ಮುಗಿದುಹೋಗಲಿ ಎಂದಳು. ಲೋಕಯ್ಯ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲ.

“ಹಾಕಿದ ದಿನ ನಾನು ಕಳ್ಳ ಆಗ್ತೇನೆ,” ಎಂದ. “ಹಾಕದಿದ್ರೆ ಬರೀ ಶಬ್ದ ಅಲ್ವಾ? ಶಬ್ದ ತಡ್ಕೊಳ್ಬಹುದು.”

ಆ ಶಬ್ದವೇ ಊರಿಡೀ ಅವನನ್ನು ಕಳ್ಳನೆಂದು ಕೂಗಿಕೊಂಡು ಹೋಗುತ್ತದೆ ಎಂದು ಹೇಮಾಕ್ಷಿಗೆ ಅನಿಸಿತು. ಅವಳು ಎದ್ದು ಬಟ್ಟಲು ತೊಳೆಯಲು ಹೋದಳು.

ಶೆಟ್ಟರು ಆ ಶಬ್ದದಲ್ಲಿ ಕೂರಲಿಲ್ಲ. ಅಳಿಯ ತಾರಾನಾಥನ ಫಿಯೆಟ್ಟಿನಲ್ಲಿ ಓಡಾಡತೊಡಗಿದರು. ಅಂಬಾಸಿಡರ್ ಹೋಟೆಲಿಗೆ ಮೀನು, ತರಕಾರಿ, ತೆಂಗಿನಕಾಯಿ ಹೊರುವ ಗಾಡಿಯಾಯಿತು. ಶೆಟ್ಟರ ಕಾರೆಂದು ಪೊಲೀಸರೂ ತಡೆಯುತ್ತಿರಲಿಲ್ಲ. ಅದು ಬಂದರಿನಿಂದ ಹೊರಟರೆ ಬೋಳಾರದಲ್ಲಿ ಶಾಲೆಯ ಮಕ್ಕಳು ಕಿವಿ ಮುಚ್ಚಿಕೊಂಡು ಬದಿಗೆ ನಿಲ್ಲುತ್ತಿದ್ದರು, ಕಾರು ದಾಟಿದ ಮೇಲೆ ‘ಸೈಲೆನ್ಸರ್ ಲೋಕಯ್ಯ’ ಎಂದು ಕೂಗುತ್ತಿದ್ದರು. ಹೇಮಾಕ್ಷಿ ಬೀಡಿ ಕೊಡಲು ಹೋದಲ್ಲಿ ಹೆಂಗಸರು ತಮ್ಮ ಚೀಲಗಳನ್ನು ಮಡಿಲಿಗೆ ಎಳೆದುಕೊಂಡು ಕೂರುತ್ತಿದ್ದರು. ಲೋಕಯ್ಯ ಬೇರೆ ಕಡೆ ಕೆಲಸ ಕೇಳಿ ನೋಡಿದ. ನಿನ್ನನ್ನು ಇಟ್ಟುಕೊಂಡರೆ ಸೈಲೆನ್ಸರಿಗೆ ಬೀಗ ಹಾಕಬೇಕಾದೀತು ಮಾರಾಯ ಎಂದು ಒಬ್ಬರು ನಯವಾಗಿಯೇ ಹೇಳಿ ಕಳಿಸಿದರು.

ಕೊಯ್ದ ಪೈಪು ಅವನ ಕಾಲಡಿಯಲ್ಲೇ ಕೊನೆಯಾಗುತ್ತಿತ್ತು. ಹೊಗೆ ಒಳಗೆ ನುಗ್ಗಿ ತಲೆ ಸಿಡಿಯುತ್ತಿತ್ತು. ಕೆಲವು ದಿನ ಮನೆಗೆ ಬಂದವನೇ ಬಾವಿಕಟ್ಟೆಯ ಹತ್ತಿರ ವಾಂತಿ ಮಾಡುತ್ತಿದ್ದ. ಕಿವಿಯೊಳಗೆ ಜೀರುಂಡೆ ಕೂಗುತ್ತದೆ, ಮಲಗಿದರೂ ನಿಲ್ಲುವುದಿಲ್ಲ ಎನ್ನುತ್ತಿದ್ದ. ಬರಬರುತ್ತಾ ಹೇಮಾಕ್ಷಿ ಅವನನ್ನು ಎರಡು ಸಲ ಕರೆಯಬೇಕಾಯಿತು, ಆಮೇಲೆ ಮೈ ಮುಟ್ಟಿ ಕರೆಯಬೇಕಾಯಿತು.

ಕೊನೆಗೆ ಅವಳು ಗಂಡನಿಗೆ ಹೇಳದೆ ಬಂದರಿನಲ್ಲಿ ಎಲ್ಲರೂ ಬ್ಯಾರಿಗಳೆಂದು ಕರೆಯುವ ನೂರ್ ಮುಹಮ್ಮದರ ಗುಜರಿ ಅಂಗಡಿಗೆ ಹೋಗಿ, ಅಂಬಾಸಿಡರಿನ ಹಳೆಯ ಸೈಲೆನ್ಸರ್ ಉಂಟಾ ಎಂದು ಕೇಳಿದಳು. ಯಾರ ಗಾಡಿಗೆ ಎಂದು ಕೇಳಿ ತಿಳಿದ ಮೇಲೆ ಅವರು ಕೂತಲ್ಲಿಂದ ಎದ್ದು ನಿಂತರು. ಶೆಟ್ಟರ ಸೈಲೆನ್ಸರ್ ಮಾರಲು ತಮ್ಮ ಅಂಗಡಿಗೇ ಬಂದಿತ್ತು, ತಂದವನು ನಂತೂರಿನಲ್ಲಿ ಲಾರಿ ತೊಳೆಯುತ್ತಿದ್ದ ಒಬ್ಬ ಕ್ಲೀನರ್, ಪೊಲೀಸರು ಅವನನ್ನು ಹಿಡಿದಾಗ ಶೆಟ್ಟರಿಗೂ ಸುದ್ದಿ ಮುಟ್ಟಿಸಿದ್ದಾರೆ ಎಂದರು. ಇದೆಲ್ಲ ಆಗಿ ವರ್ಷ ಕಳೆದಿತ್ತು.

“ಇದನ್ನು ಧಣಿಗಳ ಎದುರು ಹೇಳ್ತೀರಾ ಬ್ಯಾರಿಗಳೇ?” ಎಂದು ಹೇಮಾಕ್ಷಿ ಕೇಳಿದಳು. ಅವರು ಅಂಗಡಿಯ ಬಾಗಿಲೆಳೆದು ಅವಳ ಜತೆ ಹೊರಟೇಬಿಟ್ಟರು.

ಶೆಟ್ಟರು ಚಾವಡಿಯಲ್ಲಿ ಕೂತು ಎಲ್ಲ ಕೇಳಿದರು. ಅವರ ಹೆಂಡತಿ ಜಲಜಾಕ್ಷಿಯಮ್ಮ ಒಳಬಾಗಿಲಲ್ಲಿ ನಿಂತಿದ್ದರು. ನೂರ್ ಮುಹಮ್ಮದರಿಗೆ ಕಾಫಿ ಬಂತು.

“ಅವನು ಕದ್ದಿಲ್ಲ ಅಂತ ನನಗೆ ಗೊತ್ತುಂಟು,” ಎಂದರು ಶೆಟ್ಟರು.

“ಮತ್ತೆ ಎಂತಕ್ಕೆ ಧಣಿ ಹೀಗೆ?” ಎಂದಳು ಹೇಮಾಕ್ಷಿ.

“ಲೋಕಯ್ಯ ಬಹರೈನಿಗೆ ಹೋಗಿದ್ರೆ ಹೋಟೆಲಿನ ಅರ್ಧ ಜನ ಅವನ ಹಿಂದೆ ಹೊರಡ್ತಿದ್ರು. ಈಗ ನೋಡು, ಹೋಗ್ತೇನೆ ಅಂತ ಒಬ್ಬನೂ ಕೇಳುದಿಲ್ಲ.” ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ತೆಂಗಿನಕಾಯಿಯ ಧಾರಣೆ ಹೇಳುವಷ್ಟೇ ಸಾವಧಾನ. “ಶಬ್ದ ಇರ್ಲಿ. ಅದು ನನ್ನ ಕೆಲಸ ಮಾಡ್ತದೆ.”

ನೂರ್ ಮುಹಮ್ಮದರು ಕಾಫಿ ಮುಟ್ಟದೆ ಎದ್ದರು. ಜಲಜಾಕ್ಷಿಯಮ್ಮ ಒಳಗೆ ಸರಿದರು.

ಹೇಮಾಕ್ಷಿ ಸಂಜೆ ಗಂಡನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದಳು. ಅವನು ಎದ್ದು ಹೋಗಿ ಶೆಟ್ಟರ ಕಾಲರ್ ಹಿಡಿಯಲಿ, ಇಲ್ಲವಾದರೆ ಕಾರಿನ ಬೀಗದ ಕೈಯನ್ನು ಬಾವಿಗೆ ಎಸೆಯಲಿ ಎಂದು ಅವಳ ಮನಸ್ಸು ಹಾರೈಸುತ್ತಿತ್ತು.

“ಬ್ಯಾರಿಗಳ ಎದುರೇ ಹೇಳಿದ್ರಾ, ಕದ್ದಿಲ್ಲ ಅಂತ?” ಎಂದು ಲೋಕಯ್ಯ ಕೇಳಿದ.

“ಹೇಳಿದ್ರು.”

“ಹಾಗಾದ್ರೆ ಸಾಕು.”

ಮರುದಿನ ಬೆಳಿಗ್ಗೆ ಎದ್ದು ಎಂದಿನಂತೆ ಕಾರು ತೊಳೆದ. ಶೆಟ್ಟರು ಮಾಡಿದ್ದಕ್ಕಿಂತ ಹೆಚ್ಚಾಗಿ ಆ ‘ಸಾಕು’ ಎಂಬ ಮಾತನ್ನು ಹೇಮಾಕ್ಷಿಗೆ ಕ್ಷಮಿಸಲು ಆಗಲಿಲ್ಲ. ಅಂದಿನಿಂದ ಅವಳು ಅವನನ್ನು ಎರಡನೇ ಸಲ ಕರೆಯುವುದನ್ನು ಬಿಟ್ಟಳು. ಕೇಳಿದರೆ ಕೇಳಿತು, ಇಲ್ಲದಿದ್ದರೆ ಇಲ್ಲ.

ಎಂಬತ್ತೆರಡರಲ್ಲಿ ನಂತೂರಿನಲ್ಲಿ ಹಿಂದಿನಿಂದ ಬಂದ ಲಾರಿಯ ಹಾರ್ನ್ ಲೋಕಯ್ಯನಿಗೆ ಕೇಳಿಸಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ಕಾರಿನ ಒಂದು ಬದಿ ಜಜ್ಜಿಹೋಯಿತು. ಕಿವುಡನನ್ನು ಇಟ್ಟುಕೊಂಡು ತಾನೇನು ಮಾಡಲಿ ಎಂದು ಶೆಟ್ಟರು ಅವನನ್ನು ಕೆಲಸದಿಂದ ತೆಗೆದರು, ಬಿಡಾರವನ್ನೂ ಬಿಡಿಸಿದರು. ಹೊಸದಾಗಿ ಬಂದ ಅಲೆಕ್ಸ್ ಎಂಬ ಡ್ರೈವರ್, ಸೈಲೆನ್ಸರ್ ಇಲ್ಲದ ಗಾಡಿಯನ್ನು ತಾನು ಮುಟ್ಟುವುದಿಲ್ಲ ಎಂದ. ಸಂಜೆಯೊಳಗೆ ಹೊಸ ಸೈಲೆನ್ಸರ್ ಬಂತು. ಹೇಮಾಕ್ಷಿ ಪಾತ್ರೆಪಗಡೆ ಕಟ್ಟುತ್ತಿದ್ದಾಗ ಕಾರು ಬೆಕ್ಕಿನ ಹಾಗೆ ಅಂಗಳಕ್ಕೆ ಬಂದು ನಿಂತಿತು.

ಆಮೇಲೆ ಹೊಳೆಬದಿಯ ಒಂದು ಬಾಡಿಗೆ ಕೋಣೆ, ಹಂಚಿನ ಕಾರ್ಖಾನೆಯಲ್ಲಿ ಲೋಕಯ್ಯನಿಗೆ ಹಂಚು ಪೇರಿಸುವ ಕೆಲಸ. ಅಲ್ಲಿ ಕಿವಿ ಬೇಕಾಗಿರಲಿಲ್ಲ.

ಶೆಟ್ಟರು ತೀರಿಹೋದ ಮರುವರ್ಷ, ಮಂಗಳಾದೇವಿ ಗುಡಿಯ ಹೊರಗೆ ಗಂಡ ಹೆಂಡತಿಗೆ ಜಲಜಾಕ್ಷಿಯಮ್ಮ ಎದುರಾದರು. ನೇರ ಬಂದು ಲೋಕಯ್ಯನ ಮುಂದೆ ನಿಂತರು.

“ನಿನಗೆ ಅನ್ಯಾಯ ಆಯ್ತು ಲೋಕಯ್ಯಾ. ನನಗೆ ಎಲ್ಲ ಗೊತ್ತಿತ್ತು. ಒಂದು ಮಾತು ನಾನು ಹೇಳ್ಲಿಲ್ಲ.”

ಲೋಕಯ್ಯ ಕೈಮುಗಿದು, ಹಳೆಯ ಅಭ್ಯಾಸದಿಂದ ನಗುತ್ತಾ, “ಕಾರು ತರ್ಬೇಕಾ ಅಮ್ಮಾ?” ಎಂದ.

ಅಮ್ಮ ಹೇಮಾಕ್ಷಿಯ ಮುಖ ನೋಡಿದರು, ನೀನಾದರೂ ಹೇಳು ಎನ್ನುವ ಹಾಗೆ. ಹೇಮಾಕ್ಷಿ ಗಂಡನ ತೋಳು ಮುಟ್ಟಿ ಮುಂದೆ ನಡೆದಳು.

ಸ್ವಲ್ಪ ದೂರ ಹೋದ ಮೇಲೆ ಲೋಕಯ್ಯ, ಅಮ್ಮ ಎಂತ ಹೇಳಿದ್ದು ಎಂದು ಕೇಳಿದ. ಅವಳು ಅವನ ಕಿವಿಗೆ ಬಾಯಿ ತಂದು ಗಟ್ಟಿಯಾಗಿ ಹೇಳಿದಳು:

“ಮಳೆ ಬರ್ತದಂತೆ.”

ಲೋಕಯ್ಯ ಆಕಾಶ ನೋಡಿ, ಹೌದೆಂದು ತಲೆಯಾಡಿಸಿದ.