ಹಗೇವಿನ ಬಾಯಿ ತೆಗೆದ ದಿನ

ನನ್ನ ಮೈದುನ ಪ್ರಭುವಿನ ಹೆಂಡತಿ ಅಮೃತಾಗೆ ಕಲ್ಲೆಂದರೆ ಪ್ರಾಣ. ಹುಟ್ಟಿದ್ದು ಯರಗುಪ್ಪಿಯಲ್ಲಿ. ಆ ಎರೆಹೊಲಗಳಲ್ಲಿ ನಾಯಿಗೆ ಹೊಡೆಯಲೂ ಒಂದು ಕಲ್ಲು ಸಿಗುವುದಿಲ್ಲ. ಇವಳು ಹಟ ಹಿಡಿದು ಕಲ್ಲಿನ ಶಾಸ್ತ್ರವನ್ನೇ ಓದಿದಳು. ಆಂಧ್ರದ ಕಡೆ ತೈಲಬಾವಿಯಿಂದ ಬಂದ ಕಲ್ಲುಚೂರು ಪರೀಕ್ಷಿಸುವ ಕೆಲಸವನ್ನೂ ಹಿಡಿದಳು. ಮದುವೆಯಾಗಿ ಅಣ್ಣಿಗೇರಿಗೆ ಬಂದ ಮೇಲೆ ಅವಳ ಪಾಲಿಗೆ ಉಳಿದದ್ದು ಜೋಳದೊಳಗಿನ ಹರಳು.

ಈ ವರ್ಷ ಮಳೆಗೆ ಮುಂಚೆ ಹಳೆಯ ಕೆಲಸಕ್ಕೆ ಮತ್ತೆ ಕರೆ ಬಂತು. ಸೋಮವಾರ ಸಂಜೆಯೊಳಗೆ ಉತ್ತರ ಹೇಳಬೇಕು. ಗಂಡ “ಅವ್ವನ್ನ ಕೇಳು” ಎಂದ. ಅತ್ತೆ ಮಹಾದೇವಕ್ಕ “ನೋಡೂಣು” ಎಂದರು. ನಮ್ಮ ಮನೆಯಲ್ಲಿ ಯಾರೂ ಬೇಡವೆನ್ನುವುದಿಲ್ಲ, ಆ “ನೋಡೂಣು” ಒಳಗೇ ಮನುಷ್ಯರನ್ನು ಹೂತುಬಿಡುತ್ತಾರೆ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಆ ಸೋಮವಾರವೇ ಹಿತ್ತಲಿನ ಹಗೇವು ತೆಗೆದರು. ನೆಲದೊಳಗೆ ಜೋಳ ತುಂಬಿ, ಮಣ್ಣು ಮೆತ್ತಿ ಮುಚ್ಚುವ ಕುಣಿ ಅದು. ಬಾಯಿ ಇಕ್ಕಟ್ಟು, ಗಂಡಸರ ಹೊಟ್ಟೆ ಹಿಡಿಸುವುದಿಲ್ಲವೆಂದು ಇಳಿಯುವವಳು ಪ್ರತಿ ವರ್ಷ ನಾನೇ. ಆದರೆ ತೆಗೆದೊಡನೆ ಇಳಿಯುವಂತಿಲ್ಲ. ಮೊದಲು ಕಂದೀಲು ಇಳಿಬಿಡಬೇಕು. ಬಿಟ್ಟೆವು, ಅರ್ಧಕ್ಕೇ ಆರಿತು. ಪ್ರಭು ಪೇಟೆಗೆ ಹೋದ. ನಾವು ಮೂವರು ಹೆಂಗಸರು ಕಾಯುತ್ತ ಕುಳಿತೆವು.

“ಒಳಗ ಯಾಕ ಹಿಂಗಾಗತೈತಿ? ನಿಮ್ಮ ಕಾಲೇಜಿನ್ಯಾಗ ಹೇಳ್ಯಾರೇನು?” ಅತ್ತೆ ಕೇಳಿದರು.

“ಕಾಳು ಉಸಿರಾಡತಾವ್ರೀ ಅತ್ತಿ. ಇದ್ದ ಗಾಳಿ ತೀರಿ ಕೆಟ್ಟ ಗಾಳಿ ತುಂಬತೈತಿ.” ಬಹಳ ದಿನದ ಮೇಲೆ ಅವಳ ಮುಖದಲ್ಲಿ ಕಳೆ ಕಂಡಿತು. “ನಾ ನೋಡತಿದ್ದ ಕಲ್ಲಿನ ಕತಿನೂ ಮುಚ್ಚಿಟ್ಟದ್ದರದ್ದ. ಸಮುದ್ರದ ತಳದಾಗ ಪಾಚಿ, ಸಣ್ಣ ಸಣ್ಣ ಜೀವ ಸತ್ತು ರಾಡ್ಯಾಗ ಹೂತು ಹೋಗತಾವು. ಗಾಳಿ ಇಲ್ಲ, ಪೂರ್ತಿ ಕೊಳಿಯೂದಿಲ್ಲ. ಮ್ಯಾಲ ಪದರಿನ ಮ್ಯಾಲ ಪದರು ಕುಂತು, ರಾಡಿ ಶೇಲ್ ಅನ್ನೂ ಕಲ್ಲಾಗತೈತಿ. ಕೆಳಗ ಹೋದಂಗ ಕಾವು ಏರಿ, ಕೋಟಿಗಟ್ಟಲೆ ವರ್ಷಕ್ಕ ಅದರಾಗಿನ ಜಿಡ್ಡು ಎಣ್ಣಿ ಆಗತೈತ್ರಿ.”

“ಆಮ್ಯಾಲ ಹೊರಗ ಬರತೈತಿ?”

“ಎಲ್ಲಿಂದ ಬರತೈತ್ರಿ? ಆ ಕಲ್ಲಿನ ತೂತು ಕಣ್ಣಿಗೆ ಕಾಣೂದಿಲ್ಲ. ಒತ್ತಡಕ್ಕ ಕಲ್ಲು ಸೀಳಿದರ ಒಂದಿಷ್ಟು ಪಾರಾಗತೈತಿ. ಉಳದದ್ದು ಹುಟ್ಟಿದಲ್ಲೇ ಸಿಕ್ಕೊಂಡಿರತೈತಿ. ಕಾವು ಇನ್ನೂ ಏರಿದರ ಎಣ್ಣಿನೂ ಉಳಿಯೂದಿಲ್ರಿ, ಒಡದು ಗ್ಯಾಸ್ ಆಗಿಬಿಡತೈತಿ.”

ಅತ್ತೆ ಹಗೇವಿನ ಬಾಯಿಯನ್ನೇ ನೋಡುತ್ತ ಕುಳಿತರು. ಅವರು ಹರೆಯದಲ್ಲಿ ಟೀಚರ್ ಟ್ರೇನಿಂಗಿಗೆ ಆಯ್ಕೆಯಾಗಿದ್ದವರು. ಆಗ ಅವರ ಅತ್ತೆಯೂ “ನೋಡೂಣು” ಎಂದಿದ್ದರಂತೆ.

“ಹಂಗಾದ್ರ ನಾ ಗ್ಯಾಸ್ ಆಗೇನಿ ಬಿಡು,” ಎಂದರು. ನಗಲಿಲ್ಲ. “ನೀ ಎಣ್ಣಿ ಇದ್ದಾಗನ ಹೋಗು. ಫೋನ್ ಹಚ್ಚು.”

“ಅವರು ಏನರೆ ಅಂದ್ರ?”

“ಅವ್ವನ್ನ ಕೇಳು ಅನ್ನು.”

ಅಮೃತಾ ಕಣ್ಣೊರೆಸಿಕೊಳ್ಳುತ್ತ ಫೋನು ಹಿಡಿದು ಮಾಳಿಗೆ ಹತ್ತಿದಳು. ಅತ್ತೆ ಕಂದೀಲು ಹಚ್ಚಿ ಮತ್ತೆ ಇಳಿಬಿಟ್ಟರು. ಈ ಸಲ ಆರಲಿಲ್ಲ. ಅವಳಿಗಿಂತ ಮೊದಲೇ ಈ ಮನೆ ಹೊಕ್ಕ ನಾನು ಏನಾಗಿದ್ದೇನೆಂದು ಇಬ್ಬರೂ ಕೇಳಲಿಲ್ಲ.

“ಇಳಿ ಬೇ ಇನ್ನ,” ಎಂದರು ಅತ್ತೆ.

ನಾನು ಸೆರಗು ಸಿಕ್ಕಿಸಿಕೊಂಡು ಇಳಿದೆ.